ವಿಳಾಸ ಕೊಟ್ಟ ಮೇಲೂ ಫೋನ್ ಯಾಕೆ ಬರುತ್ತದೆ?

ಈ ಅಂಕಣದ ಓದುಗರು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಮನೆ ನಂಬರು, ರಸ್ತೆ, ಬಡಾವಣೆ, ಪಿನ್‌ಕೋಡ್ ಎಲ್ಲ ತುಂಬಿಸಿದೀನಿ. ಮ್ಯಾಪಿನಲ್ಲಿ ಗುರುತೂ ಹಾಕಿದೀನಿ. ಆದ್ರೂ ಸಾಮಾನು ತರೋ ಹುಡುಗ 'ಸರ್, ಲೊಕೇಶನ್‌ಗೆ ಬಂದಿದೀನಿ, ಎಲ್ಲಿಗೆ ಬರ್ಬೇಕು?' ಅಂತ ಫೋನ್ ಮಾಡ್ತಾನೆ. ಇಷ್ಟೆಲ್ಲ ಬರೆಸಿಕೊಂಡು ಆ ಆ್ಯಪ್ ಮಾಡೋದಾದ್ರೂ ಏನು?" ಹೀಗೆ ಕೇಳುವವರಲ್ಲಿ ಇಂದಿರಾನಗರದ ನಿವೃತ್ತರಿದ್ದಾರೆ, ಕೆ.ಆರ್. ಪುರದ ಹೊಸ ಅಪಾರ್ಟ್‌ಮೆಂಟಿನವರಿದ್ದಾರೆ, ಶಿವಾಜಿನಗರದಲ್ಲಿ ಅಂಗಡಿ ಇಟ್ಟುಕೊಂಡು ತಾವೇ ಮನೆಮನೆಗೆ ಸಾಮಾನು ಕಳಿಸುವವರೂ ಇದ್ದಾರೆ. ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟು, ಆರ್ಡರ್ ವ್ಯವಸ್ಥೆ ಕಟ್ಟಿಕೊಡುವುದು ನನ್ನ ಕಸುಬು. ವಿಳಾಸ ತುಂಬಿಸುವ ಗ್ರಾಹಕನೂ ಆಗಿದ್ದೇನೆ, ತುಂಬಿಸಿಕೊಳ್ಳುವ ಪುಟವನ್ನು ಕಟ್ಟುವವನೂ ಆಗಿದ್ದೇನೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಆ ಹುಡುಗನದಲ್ಲ, ನಿಮ್ಮದೂ ಅಲ್ಲ. ವಿಳಾಸ ಕೇಳುವ ಆ ಖಾನೆಗಳನ್ನು ಬೇರೆ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ, ನಾವು ಹಾಗೇ ತಂದು ಇಲ್ಲಿ ಅಂಟಿಸಿಕೊಂಡಿದ್ದೇವೆ.

ನೀವು ವಿಳಾಸ ಬರೆದು ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವುದೇನು ಎಂದು ನೋಡೋಣ. ಕಂಪ್ಯೂಟರಿಗೆ 'ಮೂರನೇ ಕ್ರಾಸ್' ಎಂದರೆ ಏನೂ ಗೊತ್ತಿಲ್ಲ. ಅದಕ್ಕೆ ಬೇಕಿರುವುದು ಎರಡು ಸಂಖ್ಯೆ, ಅಕ್ಷಾಂಶ ಮತ್ತು ರೇಖಾಂಶ. ಇಂದಿರಾನಗರದ ಮೆಟ್ರೊ ನಿಲ್ದಾಣವೆಂದರೆ ಅದಕ್ಕೆ 12.978 ಮತ್ತು 77.638ರ ಆಸುಪಾಸಿನ ಒಂದು ಚುಕ್ಕೆ. ನೀವು ಬರೆದ ಸಾಲನ್ನು ತುಂಡು ಮಾಡಿ, ತನ್ನಲ್ಲಿರುವ ಹೆಸರುಗಳ ಪಟ್ಟಿಗೆ ತಾಳೆ ಹಾಕಿ, ಇಂಥದ್ದೊಂದು ಚುಕ್ಕೆಯನ್ನು ಅದು ಊಹಿಸುತ್ತದೆ. ದಶಮಾಂಶದ ಒಂದೊಂದು ಅಂಕಿಗೂ ಇಲ್ಲಿ ಬೆಲೆಯಿದೆ. ಬಿಂದುವಿನ ನಂತರ ಎರಡೇ ಅಂಕಿ ಉಳಿಸಿಕೊಂಡರೆ ಒಂದು ಕಿಲೋಮೀಟರಿಗೂ ಮಿಕ್ಕಿದ ವ್ಯತ್ಯಾಸ ಬರಬಹುದು, ಮೂರಾದರೆ ನೂರು ಮೀಟರಿನ ಲೆಕ್ಕ, ಐದಾದರೆ ಒಂದು ಮೀಟರಿನ ಹತ್ತಿರ. ನೂರು ಮೀಟರೆಂದರೆ ಡಿಫೆನ್ಸ್ ಕಾಲೊನಿಯಲ್ಲಿ ಪಕ್ಕದ ರಸ್ತೆ. ರಸೆಲ್ ಮಾರ್ಕೆಟ್ಟಿನ ಹಿಂದೆ ಅಷ್ಟರಲ್ಲಿ ಎಷ್ಟೋ ಸಂದಿಗಳು ಬಂದು ಹೋಗುತ್ತವೆ.

ಅಡಚಣೆ ಶುರುವಾಗುವುದು ಆ 'ಹೆಸರುಗಳ ಪಟ್ಟಿ'ಯಲ್ಲಿ. ನಮ್ಮ ಪೂರ್ವ ಬೆಂಗಳೂರಿನಲ್ಲಿ ವಿಳಾಸಕ್ಕೆ ಒಂದೇ ವ್ಯಾಕರಣವಿಲ್ಲ. ಶಿವಾಜಿನಗರದಿಂದ ಹಲಸೂರು ಹಾದು, ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರದ ತನಕ ಹೋಗಿ ನೋಡಿ. ಇಷ್ಟೇ ದಾರಿಯಲ್ಲಿ ಕನಿಷ್ಠ ಮೂರು ವ್ಯಾಕರಣ ಸಿಗುತ್ತವೆ.

ಮೊದಲನೆಯದು ದಂಡಿನದು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಬಿಟ್ಟಾಗ ರಸ್ತೆಗಳಿಗೆ ಸೈನ್ಯದ ಹೆಸರಿಟ್ಟರು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಕ್ಯಾವಲ್ರಿ ರಸ್ತೆ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡ ಈ ದಂಡಿಗೆ ಅದರದೇ ಆಡಳಿತವಿತ್ತು, 1949ರಲ್ಲಿ ದಂಡಿನ ಮತ್ತು ಹಳೇ ನಗರದ ಎರಡು ಪುರಸಭೆಗಳೂ ಸೇರಿ ಒಂದು ನಗರಪಾಲಿಕೆಯಾಯಿತು. ಆಮೇಲೆ ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು, ಬ್ಲ್ಯಾಕ್‌ಪಲ್ಲಿ ಶಿವಾಜಿನಗರವಾಯಿತು. ಹಳೆಯ ಆಸ್ತಿಗಳು ಅಣ್ಣತಮ್ಮಂದಿರಲ್ಲಿ ಪಾಲಾಗುತ್ತ ಹೋದಂತೆ ಮನೆ ನಂಬರಿಗೆ ಒಂದು ಗೆರೆ, ಮತ್ತೊಂದು ಗೆರೆ ಸೇರಿಕೊಂಡವು. 'ಹಳೇ ನಂಬರು', 'ಹೊಸ ನಂಬರು' ಎರಡೂ ಒಂದೇ ಬಾಗಿಲ ಮೇಲೆ ಇರುತ್ತವೆ. ಇಲ್ಲಿ ಸಂಖ್ಯೆ ಹಿಡಿದು ಮನೆ ಹುಡುಕುವವರು ಹೊರಗಿನವರು ಮಾತ್ರ.

ಎರಡನೆಯದು ಬಡಾವಣೆಯ ವ್ಯಾಕರಣ. 1970ರ ದಶಕದಲ್ಲಿ ಬೆಳೆದ ಇಂದಿರಾನಗರ ಮೇನು, ಕ್ರಾಸು, ಸ್ಟೇಜುಗಳ ಅಚ್ಚುಕಟ್ಟಾದ ಲೆಕ್ಕ. ಕಂಪ್ಯೂಟರಿಗೆ ತುಂಬ ಇಷ್ಟವಾಗಬೇಕಾದ ಜಾಗ. ಆದರೆ ಒಂದೇ ಕ್ರಾಸ್ ಸಂಖ್ಯೆ ಮೊದಲ ಸ್ಟೇಜಿನಲ್ಲೂ ಇದೆ, ಎಚ್‌ಎಎಲ್ ಎರಡನೇ ಸ್ಟೇಜಿನಲ್ಲೂ ಇದೆ. ಅವಸರದಲ್ಲಿ ಸ್ಟೇಜು ಬಿಟ್ಟು ಬರೆದರೆ ಸಾಮಾನು ನೂರಡಿ ರಸ್ತೆಯ ಯಾವ ತುದಿಗೆ ಹೋಗುತ್ತದೋ ಹೇಳಲಾಗದು.

ಮೂರನೆಯದು ಹಳ್ಳಿ ನಗರವಾದ ಕಡೆಯದು. ಕೆ.ಆರ್. ಪುರ 2007ರವರೆಗೂ ಪ್ರತ್ಯೇಕ ನಗರಸಭೆ. ಆ ವರ್ಷ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಮಿಕ್ಕಿದ ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಅಲ್ಲಿನ ರೆವಿನ್ಯೂ ಬಡಾವಣೆಗಳಲ್ಲಿ ಜನ ಇಂದಿಗೂ ಬರೆಯುವುದು ಸರ್ವೆ ನಂಬರು, ಸೈಟ್ ನಂಬರು. ಅವು ಭೂಮಿಯ ದಾಖಲೆಯ ಸಂಖ್ಯೆಗಳು, ಬಂದವನಿಗೆ ದಾರಿ ಹೇಳುವ ಸಂಖ್ಯೆಗಳಲ್ಲ. ಹದಿನೆಂಟರ ಪಕ್ಕದಲ್ಲಿ ನಲವತ್ತೆರಡು ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಒಂದೇ ಹೆಸರಿನ ಲೇಔಟು ಮೂರು ಕಡೆ ಸಿಕ್ಕರೂ ಆಶ್ಚರ್ಯವಿಲ್ಲ.

ಈಗ ಆ ಪುಟದ ಖಾನೆಗಳನ್ನು ನೆನಪಿಸಿಕೊಳ್ಳಿ. ವಿಳಾಸದ ಮೊದಲ ಸಾಲು, ಎರಡನೇ ಸಾಲು, ನಗರ, ರಾಜ್ಯ, ಪಿನ್‌ಕೋಡ್. ಪ್ರತಿ ಬೀದಿಗೂ ಒಂದು ಹೆಸರು, ಪ್ರತಿ ಮನೆಗೂ ಕ್ರಮವಾಗಿ ಸಾಗುವ ಒಂದು ಸಂಖ್ಯೆ ಇರುವ ಊರಿಗೆ ಇಷ್ಟು ಸಾಕು. ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಿಗೆ ಸಾಲದು. 'ಲ್ಯಾಂಡ್‌ಮಾರ್ಕ್' ಎಂಬ ಖಾನೆ ಇದ್ದರೂ ಕೊನೆಯಲ್ಲಿ ಸಣ್ಣದಾಗಿ, 'ಬೇಕಿದ್ದರೆ ತುಂಬಿಸಿ' ಎಂದು ಇರುತ್ತದೆ. ನಮ್ಮಲ್ಲಿ ವಿಳಾಸದ ಜೀವ ಇರುವುದೇ ಅಲ್ಲಿ.

ಪಿನ್‌ಕೋಡ್ ಇದೆಯಲ್ಲ ಎನ್ನುತ್ತೀರಿ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಹತ್ತಾರು ಊರು, ಹತ್ತಾರು ಲಿಪಿಯ ಕೈಬರಹ, ಇವುಗಳ ನಡುವೆ ಕಾಗದ ವಿಂಗಡಿಸುವವರಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ಅದರ ಕೆಲಸ ಅಂಚೆ ಕಚೇರಿ ಮುಟ್ಟಿಸುವವರೆಗೆ. 560008 ಎಂದರೆ ಹಲಸೂರೂ ಹೌದು, ಎಚ್‌ಎಎಲ್ ಎರಡನೇ ಸ್ಟೇಜೂ ಹೌದು. 560016 ದೂರವಾಣಿನಗರದ್ದು. ದೇಶಕ್ಕೆ ಟೆಲಿಫೋನ್ ಮಾಡಿಕೊಡಲು 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಊರು ಅದು. ಅದೇ ಸಂಖ್ಯೆ ಅಕ್ಕಪಕ್ಕದ ಬಡಾವಣೆಗಳಿಗೂ ಸಲ್ಲುತ್ತದೆ. ಅಂಚೆ ಕಚೇರಿಯಿಂದ ಬಾಗಿಲವರೆಗಿನ ಜ್ಞಾನ ಅಂಚೆಯಣ್ಣನ ತಲೆಯಲ್ಲಿತ್ತು. ಅವನು ವರ್ಷಗಟ್ಟಲೆ ಅದೇ ಬೀದಿ ತಿರುಗುತ್ತಿದ್ದ. ಆ್ಯಪಿನ ಹುಡುಗ ಇವತ್ತು ಹಲಸೂರು, ಮುಂದಿನ ತಿಂಗಳು ಮಾರತಹಳ್ಳಿ. ಅಂಚೆಯಣ್ಣನ ತಲೆಯಲ್ಲಿದ್ದ ಭಾಗವನ್ನು ತುಂಬಿಕೊಡದೆ ಅವನನ್ನು ಬೀದಿಗೆ ಬಿಟ್ಟಿದ್ದೇವೆ.

ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ತಂದಿತು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ಮಾಡಿದ್ದು. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಒಂದು ಗುರುತು ಕೊಡುತ್ತದೆ. ಕೆ.ಆರ್. ಪುರದ ರೆವಿನ್ಯೂ ಬಡಾವಣೆಗಳಿಗೆ, ಹೊಲದ ನಡುವಿನ ಮನೆಗಳಿಗೆ, ಆಂಬುಲೆನ್ಸ್ ಕರೆಯುವವರಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಾನು ಇದರ ಪರ. ಆದರೂ ನಾಲ್ಕು ಮೀಟರಿನ ಒಂದೇ ಚೌಕದ ಮೇಲೆ ಶಿವಾಜಿನಗರದಲ್ಲಿ ನಾಲ್ಕು ಮಹಡಿ, ನಾಲ್ಕು ಸಂಸಾರ ಇರುತ್ತವೆ, ಮೆಟ್ಟಿಲು ಹಿಂದಿನ ಸಂದಿಯಿಂದ ಇರುತ್ತದೆ. ಆ ಹತ್ತು ಅಕ್ಷರ ಅದನ್ನು ಹೇಳಲಾರವು.

ಇನ್ನು ನಕ್ಷೆಯಲ್ಲಿ ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆಯ ವಿಷಯ. ಬಯಲಿನಲ್ಲಿ, ಆಕಾಶ ಚೆನ್ನಾಗಿ ಕಾಣುವ ಕಡೆ ನಿಂತರೆ ನಿಮ್ಮ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನೊಳಗೆ ನಿಮ್ಮನ್ನು ಹಿಡಿಯುತ್ತದೆ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು, ಸುತ್ತಿ ಬಂದು, ಚುಕ್ಕೆಯನ್ನು ಪಕ್ಕದ ರಸ್ತೆಗೆ ತಳ್ಳುತ್ತದೆ. ಸಿಎಂಎಚ್ ರಸ್ತೆಯಲ್ಲಿ ತಲೆಯ ಮೇಲೆ ಮೆಟ್ರೊ ಸೇತುವೆಯೂ ಇದೆ. ಮನೆಯೊಳಗೆ ಸೋಫಾ ಮೇಲೆ ಕೂತು 'ಈಗಿರುವ ಜಾಗ' ಒತ್ತಿದರೆ ಫೋನು ಉಪಗ್ರಹಕ್ಕಿಂತ ಹೆಚ್ಚಾಗಿ ಸುತ್ತಲಿನ ವೈಫೈಗಳನ್ನು ನಂಬಿ ಊಹೆ ಮಾಡುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಆರ್ಡರ್ ಮಾಡುವವರಿಗೆ ಇನ್ನೂ ಕಷ್ಟ. ಇಂಟರ್ನೆಟ್ ಸಂಪರ್ಕದ ವಿಳಾಸ ನೋಡಿ ಜಾಗ ಊಹಿಸುವಾಗ ನೀವು ಬೇರೊಂದು ಊರಿನಲ್ಲಿದ್ದೀರಿ ಎಂದು ತೋರಿಸಿದರೂ ತೋರಿಸೀತು. ಅದು ನಿಮ್ಮ ಯಂತ್ರದ ದೋಷವಲ್ಲ, ಆ ವಿಧಾನದ ಮಿತಿಯೇ ಅಷ್ಟು.

ದೊಡ್ಡ ಕಂಪನಿಗಳಿಗೆ ಇದು ತಿಳಿಯದ ವಿಷಯವಲ್ಲ. ಬಿಗ್‌ಬಾಸ್ಕೆಟ್ಟಿನ ಕಚೇರಿ ಟಿನ್ ಫ್ಯಾಕ್ಟರಿ ನಿಲ್ದಾಣದ ಬಳಿ ಇದೇ ಹಳೇ ಮದ್ರಾಸು ರಸ್ತೆಯಲ್ಲಿ ಬೆಳೆಯಿತು. 1999ರಲ್ಲಿ ಫ್ಯಾಬ್‌ಮಾರ್ಟ್ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಸಂಗೀತದ ಸಿ.ಡಿ. ಮಾರಿದ ಗುಂಪಿನವರೇ 2011ರಲ್ಲಿ ತರಕಾರಿ, ಅಕ್ಕಿಬೇಳೆಗೆ ಕೈಹಾಕಿದರು. ಸಮಯ ಗೊತ್ತುಮಾಡಿಕೊಂಡು, ತಮ್ಮದೇ ವ್ಯಾನಿನಲ್ಲಿ ಬರುವ ಅವರ ಪದ್ಧತಿಯಲ್ಲಿ ವಿಳಾಸ ವಿಚಾರಿಸಲು ಪುರುಸೊತ್ತಿತ್ತು. ಗೂಗಲ್ ತನ್ನ ಭಾರತದ ನಕ್ಷೆಯಲ್ಲಿ ದಾರಿ ಹೇಳುವಾಗ ಹೆಗ್ಗುರುತುಗಳನ್ನು ಸೇರಿಸಿದ್ದು 2009ರಲ್ಲಿ, ನಮ್ಮ ಜನ ದಾರಿ ಕೇಳುವ ರೀತಿಯನ್ನು ಬೀದಿಯಲ್ಲೇ ನೋಡಿದ ಮೇಲೆ. 2011ರಲ್ಲಿ ಬೀದಿಯ ಚಿತ್ರ ತೆಗೆಯುವ ಅದರ ಕಾರುಗಳು ಬೆಂಗಳೂರಿನಲ್ಲೇ ಓಡಾಟ ಶುರುಮಾಡಿದ್ದವು. ಪೊಲೀಸರು ಆಕ್ಷೇಪಿಸಿದರು, ಕೆಲಸ ನಿಂತಿತು. ಅಂಥ ಚಿತ್ರಗಳು ನಮಗೆ ಸಿಗಲು 2022ರವರೆಗೆ ಕಾಯಬೇಕಾಯಿತು.

ಹೆಗ್ಗುರುತಿನಲ್ಲೂ ಯಂತ್ರಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂಗಡಿ ಮುಚ್ಚಿದರೆ ನಕ್ಷೆ ಅದನ್ನು ಮರೆಯುತ್ತದೆ, ಜನ ಮರೆಯುವುದಿಲ್ಲ. ಎನ್‌ಜಿಇಎಫ್ ಕಾರ್ಖಾನೆ ನಿಂತು ಎರಡು ದಶಕ ದಾಟಿದರೂ ಆ ಜಾಗಕ್ಕೆ ಬೇರೆ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಲಿಡೋ ಟಾಕೀಸು ಇಲ್ಲವಾದ ಮೇಲೂ 'ಲಿಡೋ ಹತ್ರ' ಎಂದರೆ ಹಲಸೂರಿನವರಿಗೆ ಸಾಕು. ಹಾಗಾಗಿ ನಿಮ್ಮ ಆ್ಯಪ್ ಹೆಗ್ಗುರುತನ್ನು ತನ್ನ ಪಟ್ಟಿಯಿಂದಲೇ ಆರಿಸಿಕೊಳ್ಳಿ ಎಂದು ಹಟ ಹಿಡಿಯಬಾರದು. ಬರೆಯಲು ಜಾಗ ಬಿಡಬೇಕು.

ಇದನ್ನು ನನಗೆ ಚೆನ್ನಾಗಿ ಮನವರಿಕೆ ಮಾಡಿಕೊಟ್ಟವರು ಶಿವಾಜಿನಗರದ ಒಬ್ಬ ಹಿರಿಯ ವ್ಯಾಪಾರಿ. ಲೈನಿಂಗ್ ಬಟ್ಟೆ, ಲೇಸು, ಗುಂಡಿ, ದಾರ ಮಾರುವ ಅಂಗಡಿ. ನಗರದ ಪೂರ್ವದುದ್ದಕ್ಕೂ ಇರುವ ಟೈಲರುಗಳಿಗೆ ಸಾಮಾನು ಕಳಿಸುತ್ತಾರೆ. ಆರ್ಡರ್ ಪುಟ ಕಟ್ಟುವ ಮೊದಲು ಅವರ ಗಲ್ಲಾದ ಪಕ್ಕ ಕೂತು, ಅವರು ಫೋನಿನಲ್ಲಿ ವಿಳಾಸ ಬರೆದುಕೊಳ್ಳುವುದನ್ನು ಕೇಳುತ್ತಿದ್ದೆ. ಕನ್ನಡ, ದಖ್ಖನಿ, ತಮಿಳು, ಯಾವ ಭಾಷೆಯಲ್ಲಿ ಫೋನ್ ಬಂದರೂ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ನಿಮ್ಮ ಮನೆಗೆ ಮೊದಲನೇ ಸಲ ಬರೋರಿಗೆ ಏನಂತ ಹೇಳ್ತೀರಿ?" ಆ ಕಡೆಯಿಂದ ಉತ್ತರ ತಡವರಿಸದೆ ಬರುತ್ತಿತ್ತು. ಮಸೀದಿ ಎದುರಿನ ಸಂದಿ, ನೀಲಿ ಗೇಟು, ಮೇಲಿನ ಮನೆ, ನಾಯಿ ಇದೆ, ಬೆಲ್ ಮಾಡಿ. ಅದನ್ನೇ ಅವರು ಕಂದು ಕವರಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದರು. ಮನೆ ನಂಬರನ್ನು ಕೊನೆಗೆ, ಸಣ್ಣದಾಗಿ.

ಅವರ ಪ್ರಶ್ನೆಯನ್ನೇ ನಾವು ಪುಟದಲ್ಲಿ ಇಟ್ಟೆವು, ಅವರ ಮಾತಿನಲ್ಲೇ. ಮೊದಲು ಹೆಸರು, ಫೋನು. ಆಮೇಲೆ ನಕ್ಷೆಯಲ್ಲಿ ಕೈಯಿಂದ ಸರಿಸಬಹುದಾದ ಗುರುತು. ಅದರ ಕೆಳಗೆ ದೊಡ್ಡದೊಂದು ಖಾನೆ, ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು, ಬರೆಯಲು ಬೇಡವೆನಿಸಿದರೆ ಮಾತಾಡಿ ಧ್ವನಿಯಲ್ಲೇ ಬಿಡಬಹುದು. ಮಹಡಿಗೆ ಮಾತ್ರ ಪ್ರತ್ಯೇಕ ಖಾನೆ, ಯಾಕೆಂದರೆ ಜನ ಮರೆಯುವುದು ಅದನ್ನೇ. ಹೆಚ್ಚು ನೆರವಾದದ್ದು ಧ್ವನಿ. ತಲುಪಿಸುವ ಹುಡುಗರು ಕಲಬುರಗಿ, ರಾಯಚೂರಿನಿಂದ ಬಂದವರಿರುತ್ತಾರೆ, ಒಡಿಶಾ, ಅಸ್ಸಾಮಿನಿಂದ ಬಂದವರಿರುತ್ತಾರೆ. ಒಬ್ಬೊಬ್ಬರು ಓದುವ ಲಿಪಿ ಒಂದೊಂದು. ಕೇಳಿ ತಿಳಿಯುವ ಶಕ್ತಿ ಓದಿ ತಿಳಿಯುವುದಕ್ಕಿಂತ ಬೇಗ ಬರುತ್ತದೆ.

ಕನ್ನಡದಲ್ಲಿ ಬರೆಯಲು ಬಿಟ್ಟರೆ ಒಂದು ಕೆಲಸ ಹೆಚ್ಚುತ್ತದೆ, ಅದನ್ನು ಮಾಡಲೇಬೇಕು. ಬಿಲ್ಲು ಮುದ್ರಿಸುವ ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡದ ಅಕ್ಷರಗಳೇ ಇರುವುದಿಲ್ಲ. ನೇರವಾಗಿ ಕಳಿಸಿದರೆ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ವಿಳಾಸದ ಸಾಲನ್ನು ಚಿತ್ರವಾಗಿ ಮಾಡಿ ಕಳಿಸಿದರೆ ಅದೇ ಪ್ರಿಂಟರು ಒತ್ತಕ್ಷರ ಸಮೇತ ಚೊಕ್ಕವಾಗಿ ಅಚ್ಚುಹಾಕುತ್ತದೆ. ಹುಡುಕಾಟದಲ್ಲೂ ಅಷ್ಟೇ. ಹಲಸೂರು, ಅಲಸೂರು, ಅಲ್ಸೂರ್ ಮೂರೂ ಒಂದೇ ಊರೆಂದು ಯಂತ್ರಕ್ಕೆ ಮೊದಲೇ ಹೇಳಿಕೊಡಬೇಕು. 'ನಮ್ಮ ಸಾಫ್ಟ್‌ವೇರ್ ಕನ್ನಡ ತೆಗೆದುಕೊಳ್ಳುವುದಿಲ್ಲ' ಎಂದು ಹೇಳುವ ತಂತ್ರಜ್ಞರನ್ನು ನಂಬಬೇಡಿ. ತೆಗೆದುಕೊಳ್ಳುತ್ತದೆ. ಅವರು ಆ ಕೆಲಸ ಮಾಡಿಲ್ಲ.

ಆ್ಯಪುಗಳು ಅನುಭವದಿಂದ ಕಲಿಯುತ್ತವೆ ಎಂಬ ಮಾತೂ ನಿಜ. ಹುಡುಗ 'ತಲುಪಿಸಿದೆ' ಎಂದು ಒತ್ತಿದಾಗ ಅವನ ಫೋನು ಎಲ್ಲಿತ್ತು ಎಂಬುದನ್ನು ಗುರುತಿಟ್ಟುಕೊಂಡರೆ ಮುಂದಿನ ಸಲ ಆ ಮನೆಗೆ ದಾರಿ ಸಲೀಸು. ಆದರೆ ನಿಮಿಷಗಳ ಲೆಕ್ಕದಲ್ಲಿ ಓಡುವವನು ತಡವಾಯಿತೆಂದು ಅನ್ನಿಸಿಕೊಳ್ಳಬಾರದು ಎಂದು ರಸ್ತೆಯ ತಿರುವಿನಲ್ಲೇ ಗುಂಡಿ ಒತ್ತಿ, ಆಮೇಲೆ ಮನೆ ಹುಡುಕುತ್ತಾನೆ. ಯಂತ್ರ ಆ ತಿರುವನ್ನೇ ನಿಮ್ಮ ಮನೆಯೆಂದು ಕಲಿಯುತ್ತದೆ. ಅವಸರದ ಒತ್ತಡ ಹೀಗೆ ಮಾಹಿತಿಯನ್ನೇ ಕೆಡಿಸುತ್ತದೆ. ವೇಗವನ್ನೇ ಮಾರುವ ಕಂಪನಿಗಳು ಯೋಚಿಸಬೇಕಾದ ಮಾತಿದು.

ವಿಳಾಸದ ಖಾನೆ ಕೆಟ್ಟದಾಗಿದ್ದರೆ ಅದರ ಬೆಲೆ ತೆರುವವನು ಕಚೇರಿಯಲ್ಲಿ ಕೂತವನಲ್ಲ. ಮಳೆಯಲ್ಲಿ ನಿಂತು ಫೋನ್ ಮಾಡುವವನು. ಪೆಟ್ರೋಲು ಅವನದು, ಸಮಯ ಅವನದು, ಕಡಿಮೆ ನಕ್ಷತ್ರ ಬೀಳುವುದೂ ಅವನಿಗೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ಕಾಯ್ದೆ ಮಾಡಿದೆ. ಅವರ ಕಲ್ಯಾಣ ನಿಧಿಗೆ ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಶುಲ್ಕ ಪಡೆಯುವ ಏರ್ಪಾಡು ಅದರಲ್ಲಿದೆ. ಅವರ ಕೆಲಸವನ್ನು ಅಳೆಯುವ ಯಂತ್ರದ ತೀರ್ಮಾನಗಳ ಬಗ್ಗೆ ತಿಳಿದುಕೊಳ್ಳುವ ಹಕ್ಕೂ ಇದೆ. ಒಳ್ಳೆಯ ಹೆಜ್ಜೆ. ಆದರೆ ಒಂದು ಖಾನೆಯನ್ನು ಸರಿಯಾಗಿ ರೂಪಿಸಲು ಕಾಯ್ದೆಗೆ ಕಾಯಬೇಕಿಲ್ಲ.

ವೆಬ್‌ಸೈಟು, ಆ್ಯಪು ಕಟ್ಟುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಪುಟ ಸಿದ್ಧವಾದ ಮೇಲೆ ಒಂದು ಸಂಜೆ ಹಲಸೂರಿನಲ್ಲೋ ಕೆ.ಆರ್. ಪುರದಲ್ಲೋ ತಲುಪಿಸುವವನ ಬೈಕಿನ ಹಿಂದೆ ಕೂತು ಹೋಗಿ, ನಿಮ್ಮದೇ ಖಾನೆಯಿಂದ ಬಂದ ವಿಳಾಸಗಳನ್ನು ನೀವೇ ಹುಡುಕಿ. ಬಿಬಿಎಂಪಿ ವಾರ್ಡಿನ ಪಟ್ಟಿಯನ್ನು ಪುಟದಲ್ಲಿ ಗಟ್ಟಿಯಾಗಿ ಕಟ್ಟಿಟ್ಟಿದ್ದರೆ ತೆಗೆದುಬಿಡಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರಪಾಲಿಕೆಗಳಾಗಿವೆ, ಮನೆಯ ಬಾಗಿಲು ಮಾತ್ರ ಅಲ್ಲೇ ಇದೆ. ಕೇಳಿದ ವಿಳಾಸವನ್ನು ಕೆಲಸ ಮುಗಿದ ಮೇಲೆ ಎಲ್ಲರ ಕಣ್ಣಿಗೆ ಬೀಳದಂತೆ ಕಾಪಾಡುವುದೂ ನಿಮ್ಮ ಹೊಣೆ. ಒಂಟಿಯಾಗಿರುವ ಹೆಣ್ಣುಮಕ್ಕಳು, ವಯಸ್ಸಾದವರು ನಿಮ್ಮನ್ನು ನಂಬಿ 'ಮೇಲಿನ ಮನೆ' ಎಂದು ಬರೆದಿರುತ್ತಾರೆ.

ಓದುಗರಿಗೆ ಹೇಳುವುದು ಇದಕ್ಕಿಂತ ಸುಲಭದ್ದು. ಇವತ್ತು ಫೋನ್ ಹಿಡಿದು ಗೇಟಿನ ಹೊರಗೆ, ರಸ್ತೆಯಲ್ಲಿ ನಿಲ್ಲಿ. ನೀಲಿ ಚುಕ್ಕೆಯ ಸುತ್ತಲಿನ ವೃತ್ತ ಸಣ್ಣದಾಗುವ ತನಕ ತಾಳಿ, ಗುರುತನ್ನು ಕೈಯಿಂದ ಸರಿಸಿ ಗೇಟಿನ ಮೇಲೆ ಕೂರಿಸಿ, ಉಳಿಸಿಕೊಳ್ಳಿ. ವಿಳಾಸದ ಜೊತೆ ಸ್ಟೇಜು ಬಿಡದೆ ಬರೆಯಿರಿ, ಮಹಡಿ ಬರೆಯಿರಿ, ಕೊನೆಯ ತಿರುವಿನಿಂದ ಬಾಗಿಲವರೆಗಿನ ದಾರಿಯನ್ನು ಊರಿನಿಂದ ಬರುವ ನೆಂಟರಿಗೆ ಹೇಳುವ ಹಾಗೆ ಒಂದು ಸಾಲಿನಲ್ಲಿ ಬರೆಯಿರಿ. ಬಿಟ್ಟುಬಂದ ಬಾಡಿಗೆ ಮನೆಯ ವಿಳಾಸ ಆ್ಯಪಿನಲ್ಲಿ ಇನ್ನೂ ಇದ್ದರೆ ಅಳಿಸಿ. ಇಷ್ಟೆಲ್ಲ ಮಾಡಿದ ಮೇಲೂ ಒಮ್ಮೊಮ್ಮೆ ಫೋನ್ ಬರುತ್ತದೆ. ದಯವಿಟ್ಟು ಎತ್ತಿ, ನಿಧಾನವಾಗಿ ದಾರಿ ಹೇಳಿ.